ಪ್ರೊ. ಶಿ. ಶಿ. ಬಸವನಾಳರು

ವಿದ್ಯೆಯು ಹೊಟ್ಟೆಯ ಪಾಡಿಗೆ ಮಾತ್ರವೆಂದೆಣಿಸುವವರಿಗೆ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳ ವ್ಯಾಸಂಗವು ನಿಷ್ಪ್ರಯೋಜನವೆಂದು ತೋರುವದು ಸಹಜವು. ಅಂಥ ವ್ಯಾಸಂಗದಿಂದ ಸಮಾಜಕ್ಕೂ ಧರ್ಮಕ್ಕೂ ಒದಗುವ ಉಪಕಾರವೆಷ್ಟೆಂಬುದನ್ನು ಅರಿಯಲಿಚ್ಛಿಸುವ ಭಕ್ತರು ಪ್ರೊ. ಬಸವನಾಳರ ಚರಿತ್ರವನ್ನು ಮನನ ಮಾಡತಕ್ಕದ್ದು.

ಇವರು 1893ರಲ್ಲಿ ಜನಿಸಿದರು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಒಂದಾದರೂ ಕಾಲೇಜು ಇದ್ದಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಮೊದಲು ಅಥಣಿ ತಾಲೂಕಿಗೆ ಸೇರಿದ್ದು ಈಗ ಕಾಗವಾಡ ತಾಲೂಕಿನಲ್ಲಿರುವ ಐನಾಪುರದಂಥ ಊರುಗಳ ರೈತನ ಮಗನು ಪದವೀಧರನಾಗಬೇಕಾದರೆ ಕೊಲ್ಲಾಪುರ, ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. ಅಲ್ಲಿ ಪರಭಾಷೆಯ ನಡುವೆ ಬಾಳಬೇಕು, ವೆಚ್ಚವನ್ನೂ ಹೊರಬೇಕು. ಇಷ್ಟಾಗಿ, ಕಲಿತ ಮಗನು ಮನೆಯ ಆಚಾರವನ್ನು ಮರೆತಾನೆಂಬ ಅಂಜಿಕೆಯು ಹಿರಿಯರನ್ನು ಬಾಧಿಸುತ್ತಿತ್ತು.

ಬಸವನಾಳರು ಪುಣೆಯಲ್ಲಿ ಉಚ್ಚ ಶಿಕ್ಷಣವನ್ನು ಹೊಂದಿ ಎಂ. ಏ. ಪದವೀಧರರಾದರು. ಅಂಥ ಪದವೀಧರರು ವಿರಳರಾಗಿದ್ದ ಆ ಕಾಲದಲ್ಲಿ ಸರಕಾರದ ಅಧಿಕಾರವು ದೊರೆಯುವದು ಕಷ್ಟವಾಗಿದ್ದಿಲ್ಲ. ಆದರೆ ಇವರು ಆರು ಜನ ಸಂಗಡಿಗರೊಡನೆ ಕೂಡಿ 1916ನೆಯ ನವಂಬರ 13ರಂದು ಬೆಳಗಾವಿಯಲ್ಲಿ ಶಾಲೆಯನ್ನು ತೆರೆದರು. ಅದೇ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಬೀಜವು. ಸಂಸ್ಥೆಗಾಗಿ ದುಡಿದ ಈ ಏಳು ಜನರನ್ನು ನಾಡವರು ಸಪ್ತರ್ಷಿಗಳೆಂದು ಕರೆದರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಉತ್ಪನ್ನವನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿರಿಸಿದ್ದರು. ಆ ಮಹಾದಾನಿಗಳ ಹೆಸರಿನಿಂದಲೇ 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾಯಿತು. ಅಂದಿನಿಂದ ಕೃಷ್ಣಾತೀರದ ವಿದ್ಯಾರ್ಥಿಯು ತನ್ನ ಜಿಲ್ಲೆಯಲ್ಲಿಯೇ ಇದ್ದು ಮುಂಬಯಿ ವಿಶ್ವವಿದ್ಯಾಲಯದ ಪದವಿಗೆ ಓದುವಂತಾಯಿತು.

ಆದರೂ ಹಿರಿಯರ ಅಂಜಿಕೆಗೆ ತಕ್ಕ ಉತ್ತರವು ಕಟ್ಟಡದಿಂದ ದೊರೆಯಲಿಲ್ಲ; ಬಸವನಾಳರ ಬಾಳಿನಿಂದ ದೊರೆಯಿತು. ಕಾಲೇಜಿನಲ್ಲಿ ಕಲಿತ ಶಾಸ್ತ್ರೀಯ ದೃಷ್ಟಿಯನ್ನು ಅವರು ಶರಣರ ವಾಙ್ಮಯಕ್ಕೆ ತಿರುಗಿಸಿದರು. ತಾಡವೋಲೆಗಳಲ್ಲಿ ಲಿಪಿಕಾರರ ಕೈತಪ್ಪುಗಳು ಸೇರಿರುತ್ತವೆ. ಒಬ್ಬರ ವಚನವು ಮತ್ತೊಬ್ಬರ ಹೆಸರಿನಲ್ಲಿ ಸಿಕ್ಕುವದುಂಟು. ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಪಾಠಭೇದಗಳನ್ನು ತೂಗಿನೋಡಿ, ಶುದ್ಧಪಾಠವನ್ನು ನಿರ್ಣಯಿಸುವದು ಭಕ್ತಿಯೊಂದರಿಂದಲೇ ಸಾಗುವ ಕೆಲಸವಲ್ಲ; ಅದಕ್ಕೆ ಭಾಷೆ, ಛಂದಸ್ಸು, ಇತಿಹಾಸಗಳ ಜ್ಞಾನವು ಬೇಕು. ಈ ಜ್ಞಾನಬಲದಿಂದಲೇ ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದರು. ಲಿಂಗರಾಜ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರಾಗಿದ್ದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡಗೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದು 1940ರಲ್ಲಿ ಪ್ರಕಟಿಸಿದರು. ಮನೆಯ ಆಚಾರವನ್ನು ಮರೆಯಿಸೀತೆಂದು ಹಿರಿಯರು ಅಂಜಿದ್ದ ಆ ಇಂಗ್ಲಿಷ್ ವಿದ್ಯೆಯೇ ಶರಣವಾಣಿಯನ್ನು ಹೊರನಾಡಿಗೆ ಮುಟ್ಟಿಸಿತು.

ನಾಡವರು ಇವರನ್ನು 1944ರಲ್ಲಿ ರಬಕವಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರನ್ನಾಗಿ ಆರಿಸಿ ಗೌರವಿಸಿದರು. 1951ರಲ್ಲಿ ಇವರು ಲಿಂಗೈಕ್ಯರಾದರು.

ಪದವಿಯು ತಾನಾಗಿಯೇ ಯಾರನ್ನೂ ಶರಣರನ್ನಾಗಿ ಮಾಡಲಾರದು. ಪಡೆದ ವಿದ್ಯೆಯನ್ನು ತನ್ನವರ ಕಡೆಗೆ ಹೊತ್ತು ತಂದವನಿಗೆ ಅದು ದಾಸೋಹವಾಗುವದು. ಮಗನೋ ಮಗಳೋ ಸಾಹಿತ್ಯವನ್ನು, ಇತಿಹಾಸವನ್ನು ಓದಬಯಸಿದರೆ, ಅದರಿಂದ ಏನು ದೊರೆತೀತೆಂದು ಕೇಳುವ ತಂದೆತಾಯಿಗಳು ತಮ್ಮ ನಿತ್ಯಪಾರಾಯಣದ ವಚನಗ್ರಂಥವನ್ನೊಮ್ಮೆ ತೆರೆದು ನೋಡಲಿ. ಅದರ ಶುದ್ಧಪಾಠದ ಹಿಂದೆ ಇಂಥ ಓದುಗರ ದುಡಿಮೆಯಿದೆ.