ಹಕ್ಕಿಗೆ ಸಾಕ್ಷಿಯಾಗುವ ಹೊಣೆ

ಕರ್ನಾಟಕದ ಗೇಣಿದಾರನ ಕೈಗೆ ಭೂಮಿ ಬಂದ ಇತಿಹಾಸದಲ್ಲಿ ಡಿ. ದೇವರಾಜ ಅರಸರ ಹೆಸರು ಮೊದಲು ನೆನಪಾಗುತ್ತದೆ. 1915ರ ಆಗಸ್ಟ್ 20ರಂದು ಜನಿಸಿದ ಅವರು ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. 1942ರ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು.

ಆಗ ಆಸ್ತಿಯ ಹಕ್ಕು ಸಂವಿಧಾನದ ಮೂಲಭೂತ ಹಕ್ಕುಗಳಲ್ಲೊಂದಾಗಿತ್ತು. ಜಮೀನು ಯಾರದೋ ಅವನ ಮಾತೇ ನಡೆಯಬೇಕೆಂಬುದು ಒಡೆಯರ ವಾದ. ತಲೆಮಾರುಗಳಿಂದ ಆ ಗದ್ದೆಯಲ್ಲಿ ಬೆವರು ಸುರಿಸಿದ ಒಕ್ಕಲಿಗೆ ಹಕ್ಕಿಲ್ಲವೇ ಎಂಬುದು ಎದುರಿನ ಪ್ರಶ್ನೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಜಮೀನನ್ನು ಸರಕಾರಕ್ಕೆ ಸೇರಿಸಿ, ಉಳುವವನಿಗೆ ಕೊಡಲು ದಾರಿ ಮಾಡಿತು. ಒಬ್ಬನ ಹಕ್ಕಿಗೆ ಸಮಾಜದ ಹಿತ ಮಿತಿ ಹಾಕಿತು. ಪಡೆದವನ ಮೇಲೂ ಹೊಣೆಯಿತ್ತು: ತಾನೇ ಸಾಗುವಳಿ ಮಾಡಬೇಕು, 15 ವರ್ಷ ಆ ಭೂಮಿಯನ್ನು ಮಾರಕೂಡದು.

ಸಕಲೇಶಪುರದ ಘಟ್ಟದ ಹೊಂಗಡಹಳ್ಳದಂತಹ ಊರುಗಳಲ್ಲಿ ಈ ಕಾನೂನಿನ ಶಕ್ತಿ ಮತ್ತು ಮಿತಿ ಎರಡನ್ನೂ ಕಾಣಬಹುದು. ಗೇಣಿಗೆ ಗದ್ದೆ ಮಾಡುತ್ತಿದ್ದವನು 7ನೇ ನಮೂನೆಯ ಅರ್ಜಿ ಸಲ್ಲಿಸಬಹುದಿತ್ತು. ಆದರೆ ಕಾಫಿ, ಏಲಕ್ಕಿ ತೋಟಗಳಿಗೆ ಕಾನೂನಿನಲ್ಲಿ ವಿನಾಯಿತಿ ಇತ್ತು. ತೋಟದ ಲೈನ್ ಮನೆಗಳಲ್ಲಿ ಬಾಳುವ ಕೂಲಿಯವರಿಗೆ ಅದರಿಂದ ಅಂಗೈಯಗಲ ಭೂಮಿಯೂ ದಕ್ಕಲಿಲ್ಲ.

ಅರ್ಜಿಗಳ ತೀರ್ಮಾನಕ್ಕೆ ತಾಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ರಚನೆಯಾದವು. ಬಡವನಿಗೆ ಖರ್ಚು ಬೀಳದಿರಲೆಂದು ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎಷ್ಟೋ ಗೇಣಿಗಳು ಬಾಯಿಮಾತಿನವು, ಕಾಗದವಿಲ್ಲ, ರಸೀದಿಯಿಲ್ಲ. ಅಂಥವನಿಗೆ ನೆರೆಹೊರೆಯವರ ಸಾಕ್ಷಿಯೇ ಆಧಾರ. ಒಡೆಯನಿಗೆ ಹೆದರಿಯೋ ದಾಕ್ಷಿಣ್ಯಕ್ಕೋ ನೆರೆಯವನು ಮೌನವಾಗಿದ್ದರೆ, ವಿಧಾನಸಭೆ ಕೊಟ್ಟ ಹಕ್ಕು ಊರಿನಲ್ಲೇ ಕಳೆದುಹೋಗುತ್ತಿತ್ತು. ಸಾಕ್ಷಿಯನ್ನು ಬಚ್ಚಿಡುವುದು ಪಾಪವೆಂದು ನಂಬುವ ನಮಗೆ ಇದರ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. 4 ಲಕ್ಷಕ್ಕೂ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು.

ಅರಸರ ಆಡಳಿತಕ್ಕೆ ಇನ್ನೊಂದು ಮುಖವೂ ಇದೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಅವರೇ ಮುಖ್ಯಮಂತ್ರಿ. ಕರ್ನಾಟಕದಲ್ಲೂ ಜನರು ವಿಚಾರಣೆಯಿಲ್ಲದೆ ಜೈಲು ಸೇರಿದರು. ನಾಗರಿಕನ ಮೂಲಭೂತ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದ್ದು ಅದೇ ಕಾಲದಲ್ಲಿ, 1976ರ ತಿದ್ದುಪಡಿಯಿಂದ. ಬಾಯಿ ಮುಚ್ಚಿಸಿ ಕರ್ತವ್ಯ ಬೋಧಿಸಿದರೆ ಅದು ಬರಿಯ ಅಪ್ಪಣೆಯಾಗುತ್ತದೆ. ಬಡವನಿಗೆ ಭೂಮಿ ಕೊಟ್ಟದ್ದು ಎಷ್ಟು ನಿಜವೋ ಇದೂ ಅಷ್ಟೇ ನಿಜ. ಒಬ್ಬ ನಾಯಕನನ್ನು ತೂಗುವಾಗ ಎರಡನ್ನೂ ತಕ್ಕಡಿಗೆ ಹಾಕುವುದೇ ನ್ಯಾಯ.

ಹಿಂದುಳಿದವರು, ದಲಿತರು ಮತ್ತು ಅಲ್ಪಸಂಖ್ಯಾತರನ್ನು ಒಟ್ಟುಗೂಡಿಸಿದ ಅರಸರು 1977ರಲ್ಲಿ ಮುಸ್ಲಿಮರನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಿದರು. 1978ರಲ್ಲಿ ಜನರು ಅವರನ್ನು ಮತ್ತೆ ಗೆಲ್ಲಿಸಿದರು. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. 1982ರ ಜೂನ್ 6ರಂದು ಅವರು ನಿಧನರಾದರು.

ಅವರ ಕಾಲದ ಕಾನೂನಿನಿಂದ ಬಂದ ಗದ್ದೆಗಳು ಇಂದು ಮೊಮ್ಮಕ್ಕಳ ಕೈಯಲ್ಲಿವೆ. ಭೂಮಿ ನಮ್ಮಲ್ಲಿರುವ ಅಮಾನತ್ತು. ಅಜ್ಜ ಪಡೆದ ಹಕ್ಕನ್ನು ಹೆಮ್ಮೆಯಿಂದ ಹೇಳುವ ಮನೆಯಲ್ಲಿ, ಕುರ್‌ಆನ್ ನಿಗದಿಪಡಿಸಿದ ಸಹೋದರಿಯ ಪಾಲು ಅವಳಿಗೆ ತಲುಪಿದೆಯೇ? ಅವಳು ಕೇಳಲು ಸಂಕೋಚಪಟ್ಟರೆ, ಅವಳ ಪರವಾಗಿ ಮಾತನಾಡುವ ಹೊಣೆ ಮನೆಯವರೆಲ್ಲರದು.