ಅಕ್ಷರವಿಲ್ಲದ ಶಿಲೆಗಳನ್ನು ಓದಿದ ಮಹನೀಯ: ರಾಬರ್ಟ್ ಬ್ರೂಸ್ ಫೂಟ್

ನಾಡಿನ ಇತಿಹಾಸವೆಂದೊಡನೆ ನಮ್ಮ ಚಿತ್ತವು ಶಾಸನಗಳತ್ತ, ಕಾವ್ಯಗಳತ್ತ, ರಾಜವಂಶಾವಳಿಗಳತ್ತ ಹರಿಯುವುದು ಸಹಜ. ಹಲ್ಮಿಡಿಯ ಶಾಸನವು ಸುಮಾರು ಒಂದೂವರೆ ಸಾವಿರ ವರ್ಷಗಳಷ್ಟು ಹಿಂದಿನದು. ಮಸ್ಕಿ, ಬ್ರಹ್ಮಗಿರಿಗಳ ಅಶೋಕಶಾಸನಗಳು ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಸೇರಿದವು. ಅದಕ್ಕೂ ಹಿಂದಕ್ಕೆ ಸರಿಯಬೇಕೆಂದರೆ ಕನ್ನಡ ನೆಲದಲ್ಲಿ ನಾವು ಓದಬಲ್ಲ ಅಕ್ಷರದ ಆಸರೆ ದೊರೆಯುವುದಿಲ್ಲ. ಹಾಗೆಂದು ಅಲ್ಲಿಯವರೆಗೆ ಈ ನೆಲವು ನಿರ್ಜನವಾಗಿತ್ತೆ? ಇಲ್ಲಿ ಬೇಟೆಯಾಡಿದವರು, ದನ ಕಾಯ್ದವರು, ಮೊದಲ ಬೀಜವನ್ನು ಬಿತ್ತಿದವರು ಯಾರೂ ಇರಲಿಲ್ಲವೆ? ಈ ಪ್ರಶ್ನೆಗೆ ಪುರಾಣದಿಂದಲ್ಲದೆ, ಊಹೆಯಿಂದಲ್ಲದೆ, ನೆಲದಿಂದಲೇ ಉತ್ತರವನ್ನು ಹೊರತೆಗೆದವರು ರಾಬರ್ಟ್ ಬ್ರೂಸ್ ಫೂಟ್ ಅವರು. ಅಕ್ಷರವಿರುವ ಶಿಲೆಯನ್ನು ಓದುವ ಪಂಡಿತರು ನಮ್ಮಲ್ಲಿ ಅನೇಕರಾಗಿ ಹೋಗಿದ್ದಾರೆ. ಅಕ್ಷರವಿಲ್ಲದ ಶಿಲೆಯನ್ನು ದಕ್ಷಿಣ ಭಾರತದಲ್ಲಿ ಕ್ರಮವಾಗಿ ಓದಲು ತೊಡಗಿದ ಮೊದಲಿಗರು ಇವರು.

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ ಆರಂಭವಾಗಿತ್ತು. 1858ರ ಡಿಸೆಂಬರಿನಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಫೂಟ್ ಅವರು ಆ ಇಲಾಖೆಯನ್ನು ಸೇರಿ ಮದರಾಸು ಪ್ರಾಂತ್ಯಕ್ಕೆ ನಿಯುಕ್ತರಾದರು. ಅಂದಿನಿಂದ 1891ರಲ್ಲಿ ನಿವೃತ್ತರಾಗುವವರೆಗೆ ಮೂವತ್ತಮೂರು ವರ್ಷಗಳ ಕಾಲ ದಕ್ಷಿಣದ ಬೆಟ್ಟ, ಬಯಲು, ನದೀತೀರಗಳೇ ಅವರ ಕಾರ್ಯಶಾಲೆಯಾದುವು. ಅವರ ಪತ್ನಿಯು ತಮಿಳು ಭಾಷೆಯಲ್ಲಿ ವಿದ್ವಾಂಸರಾಗಿದ್ದ ಪೀಟರ್ ಪರ್ಸಿವಲ್ ಅವರ ಪುತ್ರಿ. ನಕ್ಷೆಯನ್ನು ರಚಿಸುವುದು, ಶಿಲೆಗಳ ಜಾತಿಯನ್ನು ನಿರ್ಣಯಿಸುವುದು, ಅವುಗಳ ಪದರಗಳ ಪೂರ್ವಾಪರವನ್ನು ಗೊತ್ತುಮಾಡುವುದು, ಇವು ಅವರಿಗೆ ವಹಿಸಲ್ಪಟ್ಟ ಕೆಲಸಗಳು. ಪ್ರಾಚೀನ ಮಾನವನನ್ನು ಹುಡುಕಬೇಕೆಂದು ಅವರಿಗೆ ಯಾರೂ ಆಜ್ಞಾಪಿಸಿರಲಿಲ್ಲ.

ಆದರೆ ಕಾಲವು ಆ ಅನ್ವೇಷಣೆಗೆ ಪಕ್ವವಾಗಿತ್ತು. ಫ್ರಾನ್ಸ್ ದೇಶದ ಸೊಮ್ ನದಿಯ ಕಣಿವೆಯಲ್ಲಿ ದೊರೆತ ಕಲ್ಲಿನ ಆಯುಧಗಳು ನಷ್ಟವಾಗಿಹೋದ ಪ್ರಾಣಿಗಳ ಎಲುಬುಗಳೊಡನೆ ಒಂದೇ ಪದರದಲ್ಲಿ ಸಿಕ್ಕುವುದನ್ನು 1859ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಪರೀಕ್ಷಿಸಿ ಒಪ್ಪಿಕೊಂಡಿದ್ದರು. ಮನುಷ್ಯನ ವಯಸ್ಸು ಕೆಲವೇ ಸಾವಿರ ವರ್ಷಗಳೆಂಬ ನಂಬಿಕೆಯು ಯುರೋಪಿನಲ್ಲಿ ಅಲುಗಾಡತೊಡಗಿತ್ತು. ಈ ವಾರ್ತೆಯನ್ನು ಬಲ್ಲ ಫೂಟ್ ಅವರು ಭಾರತದ ನೆಲವನ್ನೂ ಅದೇ ದೃಷ್ಟಿಯಿಂದ ನೋಡಿದರು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಸೈನ್ಯದ ಕವಾಯತು ಮೈದಾನದ ಬಳಿಯ ಗರಸಿನ ಗುಳಿಯೊಂದರಲ್ಲಿ, ಅವರಿಗೆ ಕ್ವಾರ್ಟ್‌ಜೈಟ್ ಎಂಬ ಕಠಿಣ ಶಿಲೆಯ ತುಂಡೊಂದು ದೊರಕಿತು. ನೀರಿನ ಹರಿವಿನಿಂದಲೋ ಬಿಸಿಲಿನ ಬಿರಿತದಿಂದಲೋ ಒದಗಿದ ಆಕಾರ ಅದಾಗಿರಲಿಲ್ಲ. ಎರಡೂ ಮೈಗಳಿಂದ ಚಕ್ಕೆಗಳನ್ನು ಎಬ್ಬಿಸಿ ಅಂಚನ್ನು ಹರಿತಗೊಳಿಸಿದ ಮನುಷ್ಯಹಸ್ತದ ಗುರುತು ಅದರಲ್ಲಿ ಸ್ಪಷ್ಟವಾಗಿತ್ತು. ಭಾರತದಲ್ಲಿ ಗುರುತಿಸಲ್ಪಟ್ಟ ಹಳೆಯ ಶಿಲಾಯುಗದ ಪ್ರಥಮ ಕೈಕೊಡಲಿ ಅದೇ. ಒಂದು ವಸ್ತುವಿನಿಂದ ಸಿದ್ಧಾಂತವು ನಿಲ್ಲದೆಂಬುದನ್ನು ಬಲ್ಲವರಾಗಿ ಅವರು ಶೋಧವನ್ನು ಮುಂದುವರಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಮದರಾಸಿನ ವಾಯವ್ಯಕ್ಕಿರುವ ಅತಿರಂಪಾಕ್ಕಂ ಎಂಬಲ್ಲಿ ಅಂತಹ ಆಯುಧಗಳು ಹೇರಳವಾಗಿ ದೊರೆತಾಗ ಸಂಶಯಕ್ಕೆ ಎಡೆ ಉಳಿಯಲಿಲ್ಲ. ಈ ಶೋಧವನ್ನು ಅವರು 1866ರಲ್ಲಿ ವಿಸ್ತಾರವಾಗಿ ಬರೆದು ಪ್ರಕಟಿಸಿದರು. ಅದೇ ಅತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪ್ರಾಚೀನವಾದುವೆಂದು 2011ರಲ್ಲಿ ಪ್ರಕಟವಾದ ಕಾಲಮಾಪನವು ತೋರಿಸಿತು. ಆ ಕಲ್ಲುಗಳ ಪ್ರಾಚೀನತೆಯನ್ನು ಫೂಟ್ ಅವರು ಕಂಡಿದ್ದರು; ಆ ಪ್ರಾಚೀನತೆಯನ್ನು ವರ್ಷಗಳಲ್ಲಿ ಎಣಿಸುವ ಸಾಧನವು ಅವರ ಕಾಲದಲ್ಲಿ ಇರಲಿಲ್ಲ.

ಕನ್ನಡಿಗರಾದ ನಾವು ಫೂಟ್ ಅವರನ್ನು ಸ್ಮರಿಸಬೇಕಾದ ಕಾರಣಗಳು ಇದಕ್ಕಿಂತಲೂ ಹತ್ತಿರದವಾಗಿವೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪ್ರದೇಶವನ್ನು ಅವರು ಬಹುಕಾಲ ಸಂಚರಿಸಿ ಪರಿಶೀಲಿಸಿದರು. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲ್ಪಡುತ್ತಿದ್ದ ಈ ಭಾಗದ ಭೂರಚನೆಯನ್ನು ಕುರಿತ ಅವರ ಗ್ರಂಥವು 1876ರಲ್ಲಿ ಇಲಾಖೆಯ ಗ್ರಂಥಮಾಲೆಯಲ್ಲಿ ಹೊರಬಂದಿತು. ಕಲಾದಗಿ ಶ್ರೇಣಿ ಎಂದು ಭೂವಿಜ್ಞಾನಿಗಳು ಹೇಳುವ ಶಿಲಾಸಮೂಹದ ವಿವರಣೆ ಅದರಲ್ಲಿದೆ. ಚಾಲುಕ್ಯರು ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲು ಈ ಸಮೂಹಕ್ಕೆ ಸೇರಿದುದು. ಗೋಕಾಕದ ಸಮೀಪದ ಹಳ್ಳವೊಂದರ ಪ್ರಾಚೀನ ಮೆಕ್ಕಲಿನಲ್ಲಿ 1871ರಲ್ಲಿ ಅವರಿಗೆ ಖಡ್ಗಮೃಗದ ಅಸ್ಥಿಗಳು ದೊರೆತುವು. ಇಂದು ಅಸ್ಸಾಮಿನ ಹುಲ್ಲುಗಾವಲುಗಳಿಗಾಗಿ ಹೆಸರಾದ ಖಡ್ಗಮೃಗದ ಕುಲವು ಒಂದು ಕಾಲದಲ್ಲಿ ಘಟಪ್ರಭೆಯ ತೀರದಲ್ಲಿಯೂ ಅಲೆದಿತ್ತೆಂಬುದು ಹೀಗೆ ತಿಳಿದುಬಂದಿತು. ಫೂಟ್ ಅವರು ಅದನ್ನು ದಖ್ಖನಿನ ಹೆಸರಿನಿಂದಲೇ ಒಂದು ಹೊಸ ಜಾತಿಯೆಂದು 1874ರಲ್ಲಿ ವರ್ಣಿಸಿದರು. ಮುಂದೆ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು 1883 ಮತ್ತು 1884ರಲ್ಲಿ ಅವರೂ ಸೈನ್ಯಾಧಿಕಾರಿಯಾಗಿದ್ದ ಅವರ ಪುತ್ರ ಹೆನ್ರಿ ಫೂಟ್ ಅವರೂ ಅಗೆದು ಶೋಧಿಸಿದಾಗ ಅಲ್ಲಿಯೂ ಖಡ್ಗಮೃಗವೇ ಮೊದಲಾದ ಪ್ರಾಣಿಗಳ ಅಸ್ಥಿಗಳು ಹೊರಬಿದ್ದುವು. ನೆಲದ ಚರಿತ್ರೆ, ಪ್ರಾಣಿಗಳ ಚರಿತ್ರೆ, ಮನುಷ್ಯನ ಚರಿತ್ರೆ ಇವು ಮೂರೂ ಒಂದೇ ಗ್ರಂಥದ ಅಧ್ಯಾಯಗಳೆಂಬ ಅರಿವು ಅವರಿಗಿತ್ತು.

ಫೂಟ್ ಅವರ ವೈಜ್ಞಾನಿಕ ಶೀಲವನ್ನು ತೋರುವ ಸಂಗತಿಯೊಂದನ್ನು ಇಲ್ಲಿ ವಿವರಿಸಬೇಕು. ಧಾರವಾಡ, ಬಳ್ಳಾರಿ, ಮೈಸೂರು ಪ್ರದೇಶಗಳಲ್ಲಿ ನೈಸ್ ಎಂಬ ಪುರಾತನ ಶಿಲೆಯ ನಡುನಡುವೆ ಕಪ್ಪು, ಹಸಿರು ಬಣ್ಣದ ಪದರುಶಿಲೆಗಳ ಪಟ್ಟಿಗಳು ದೂರದೂರಕ್ಕೆ ಹಬ್ಬಿವೆ. 1876ರ ಗ್ರಂಥದಲ್ಲಿ ಅವರು ಇವೆಲ್ಲವನ್ನೂ ನೈಸ್ ಸಮೂಹದಲ್ಲಿಯೇ ಸೇರಿಸಿದ್ದರು. ಬಳಿಕ ಹೆಚ್ಚಿನ ಸಂಚಾರದಿಂದ ಇವು ಬೇರೆಯೇ ಒಂದು ವ್ಯೂಹವೆಂಬುದು ಮನದಟ್ಟಾಗಲು, ತಾವು ಮುದ್ರಿಸಿದ ಅಭಿಪ್ರಾಯವನ್ನು ತಾವೇ ತಿದ್ದಿ, 1886ರಲ್ಲಿ ಅದಕ್ಕೆ ಧಾರವಾಡ ವ್ಯೂಹವೆಂದು ಹೆಸರಿಟ್ಟರು. ಇದು ಕೇವಲ ನಾಮಕರಣವಾಗಿರಲಿಲ್ಲ. ಕೋಲಾರ, ಹಟ್ಟಿ, ಗದಗಗಳ ಚಿನ್ನವೂ ಸಂಡೂರಿನ ಕಬ್ಬಿಣದ ಅದಿರೂ ಈ ಪಟ್ಟಿಗಳಲ್ಲಿಯೇ ಇವೆ. ದಕ್ಷಿಣದ ಚಿನ್ನವನ್ನು ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಿ ಫಲವಿಲ್ಲ ಎಂಬುದಕ್ಕೆ ಅವರ ವಿಂಗಡಣೆಯು ದಾರಿ ತೋರಿತು. ನೈಸ್ ಮತ್ತು ಧಾರವಾಡ ಶಿಲೆಗಳಲ್ಲಿ ಯಾವುದು ಹಿರಿದು ಎಂಬ ಬಗೆಗೆ ಮುಂದಿನ ತಲೆಮಾರಿನ ಭೂವಿಜ್ಞಾನಿಗಳು ದೀರ್ಘವಾಗಿ ವಾದಿಸಿದರು. ಆದರೆ ಧಾರವಾಡವೆಂಬ ಹೆಸರು ಮಾತ್ರ ಅಳಿಯಲಿಲ್ಲ. ಸುಮಾರು 250ರಿಂದ 290 ಕೋಟಿ ವರ್ಷಗಳಷ್ಟು ಹಳೆಯವಾದ ಈ ಶಿಲೆಗಳನ್ನು ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ನಮ್ಮ ಊರಿನ ಹೆಸರಿನಿಂದಲೇ ಕರೆಯುತ್ತಾರೆ.

ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಮತ್ತೊಂದು ಗ್ರಂಥವು 1895ರಲ್ಲಿ ಪ್ರಕಟವಾಯಿತು. ಆ ಜಿಲ್ಲೆಯ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನು ಅವರು ಗುರುತಿಸಿದರು. ಕಣಶಿಲೆಯ ಬೆಟ್ಟವನ್ನು ಸೀಳಿಕೊಂಡು ಹಾಯುವ ಡಾಲರೈಟ್ ಎಂಬ ಕರಿಯ ಶಿಲೆಯೇ ಆ ಕಾರ್ಖಾನೆಯ ಮೂಲದ್ರವ್ಯ. ಅರೆಗೆಲಸವಾದ ಕೊಡಲಿಗಳು, ಮುರಿದು ಬಿಸುಟ ತುಂಡುಗಳು, ಕಲ್ಲನ್ನು ಉಜ್ಜಿ ನುಣುಪುಗೊಳಿಸಿದ ತಗ್ಗುಗಳು, ಹೀಗೆ ಕಸುಬಿನ ಎಲ್ಲ ಹಂತಗಳೂ ಅಲ್ಲಿ ಕಾಣಸಿಗುತ್ತವೆ.

ಇದೇ ಸೀಮೆಯಲ್ಲಿ ಕುಡತಿನಿಯೇ ಮೊದಲಾದ ಕಡೆಗಳಲ್ಲಿ ಬೂದಿಯ ದಿಬ್ಬಗಳಿವೆ. ಇವು ಭೀಮನಿಂದ ಹತನಾದ ಹಿಡಿಂಬಾಸುರನ ಚಿತೆಯ ಬೂದಿಯೆಂದು ಜನರು ಕಥೆ ಹೇಳುತ್ತಿದ್ದರು. ವಿದ್ವಾಂಸರಲ್ಲಿಯೂ ಒಬ್ಬರು ಇವನ್ನು ಅಗ್ನಿಪರ್ವತದ ಉಗುಳೆಂದರೆ ಮತ್ತೊಬ್ಬರು ಮಹಾಬಲಿಗಳ ಶೇಷವೆಂದರು. ಫೂಟ್ ಅವರು ಬೂದಿಯನ್ನೂ ಅದರೊಡನೆ ದೊರೆತ ಮಡಕೆಯ ಚೂರು, ಕಲ್ಲಿನ ಕೊಡಲಿ, ದನದ ಎಲುಬುಗಳನ್ನೂ ಒಟ್ಟಿಗೆ ಇಟ್ಟು ನೋಡಿ, ಇದು ನವಶಿಲಾಯುಗದ ಗೋಪಾಲಕರ ನೆಲೆಗಳಲ್ಲಿ ಸುಟ್ಟ ಸಗಣಿಯ ರಾಶಿಯೆಂದು ನಿರ್ಣಯಿಸಿದರು. ಸಂದೇಹಗಳು ಬಹುಕಾಲ ಉಳಿದುವು. ಆದರೆ ರೇಮಂಡ್ ಆಲ್ಚಿನ್ ಅವರು ಉಟ್ನೂರಿನಲ್ಲಿ ನಡೆಸಿದ ಉತ್ಖನನವೂ ಅವರ 1963ರ ಗ್ರಂಥವೂ ಫೂಟ್ ಅವರ ನಿರ್ಣಯವನ್ನೇ ಸ್ಥಿರಪಡಿಸಿದುವು. ರಾಕ್ಷಸನ ಚಿತೆಯೆಂದು ತಿಳಿದಿದ್ದುದು ಹೀಗೆ ನಮ್ಮ ನಾಡಿನ ಆದಿಗೋಪಾಲಕರ ದನದ ದೊಡ್ಡಿಯಾಗಿ ಪರಿಣಮಿಸಿತು. ಕಥೆಯು ಇದರಿಂದ ಕಿರಿದಾಯಿತೆಂದು ಈ ಲೇಖಕನು ಭಾವಿಸಲಾರನು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನ ಕಾಯ್ದವರ ಬಾಳು ಯಾವ ಅಸುರಕಥೆಗೂ ಕಡಿಮೆಯಾದುದಲ್ಲ.

ನಿವೃತ್ತಿಯ ಬಳಿಕವೂ ಅವರಿಗೆ ವಿಶ್ರಾಂತಿಯಿರಲಿಲ್ಲ. ಬರೋಡಾ ಸಂಸ್ಥಾನದ ಭೂಪರಿಶೀಲನೆಯನ್ನು ಅವರು ಕೈಗೊಂಡರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಪ್ರಥಮ ಮುಖ್ಯಸ್ಥರಾಗಿ ಬಂದವರು ಅರುವತ್ತರ ಅಂಚಿನಲ್ಲಿದ್ದ ಫೂಟ್ ಅವರೇ. ಅವರ ಗೃಹವು ಸೇಲಂ ಸಮೀಪದ ಏರ್ಕಾಡಿನಲ್ಲಿತ್ತು. ಆ ಬೆಟ್ಟಸೀಮೆಯ ಗುಡಿಗಳಲ್ಲಿ ನುಣುಪಾದ ಕಲ್ಲುಕೊಡಲಿಗಳು ದೇವರ ಬಳಿಯಿದ್ದು ಪೂಜೆಗೊಳ್ಳುತ್ತಿದ್ದುದನ್ನೂ ಅವರು ದಾಖಲಿಸಿದ್ದಾರೆ.

ನಾಲ್ಕು ದಶಕಗಳಲ್ಲಿ ಅವರು ಕೂಡಿಸಿದ ಶಿಲಾಯುಧ, ಮಡಕೆ ಮುಂತಾದುವುಗಳ ಮಹಾಸಂಗ್ರಹವು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಪ್ರತಿಯೊಂದು ವಸ್ತುವೂ ಯಾವ ಜಿಲ್ಲೆಯ ಯಾವ ಊರಿನ ಯಾವ ಸ್ಥಳದಲ್ಲಿ ದೊರೆಯಿತೆಂಬುದನ್ನು ತಿಳಿಸುವ ಸೂಚಿಯನ್ನು ರಚಿಸುವುದರಲ್ಲಿ ಅವರ ಕೊನೆಯ ವರ್ಷಗಳು ಕಳೆದುವು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ದೇಹವನ್ನು ಬಿಟ್ಟರು. ಆ ಸೂಚಿಯು 1914ರಲ್ಲಿಯೂ, ವಸ್ತುಗಳ ಕಾಲ ಮತ್ತು ಹಂಚಿಕೆಗಳನ್ನು ಕುರಿತ ಅದರ ವಿವರಣೆಯು 1916ರಲ್ಲಿಯೂ ಮುದ್ರಿತವಾದುವು. ಎರಡನ್ನೂ ಅಚ್ಚಿನಲ್ಲಿ ನೋಡುವ ಭಾಗ್ಯ ಅವರಿಗೆ ಇರಲಿಲ್ಲ.

ಫೂಟ್ ಅವರ ನಿರ್ಣಯಗಳೆಲ್ಲವೂ ಇಂದು ನಿಂತಿವೆಯೆಂದಲ್ಲ. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ದೀರ್ಘವಾದ ಶೂನ್ಯಕಾಲವೊಂದಿತ್ತೆಂದು ಅವರು ತಿಳಿದಿದ್ದರು; ಆ ಅಂತರವನ್ನು ಸೂಕ್ಷ್ಮಶಿಲಾಯುಧಗಳ ಜನರು ತುಂಬಿದ್ದರೆಂದು ಅನಂತರದ ಸಂಶೋಧನೆಯು ತೋರಿಸಿತು. ಆದರೆ ಅವರನ್ನು ತಿದ್ದಿದವರು ತಿದ್ದಲು ಸಾಧ್ಯವಾದುದು ಅವರ ಸೂಚಿಯನ್ನೇ ಕೈಯಲ್ಲಿ ಹಿಡಿದು ಅದೇ ಊರುಗಳಿಗೆ ಮರಳಿ ಹೋಗಲು ಬಂದುದರಿಂದ. ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಇದರ ಮರ್ಮವು ಒಡನೆಯೇ ತಿಳಿದೀತು. ಎಲ್ಲಿಯದೆಂದು ತಿಳಿಯದ ಬಿಡಿ ಓಲೆಯು ಎಷ್ಟು ಸುಂದರವಾಗಿದ್ದರೂ ಪಾಠನಿರ್ಣಯಕ್ಕೆ ಒದಗುವುದು ಅಲ್ಪ. ನೆಲೆ ತಿಳಿಯದ ಕಲ್ಲೂ ಅಂತೆಯೇ ಮೂಕ. ಸಿದ್ಧಾಂತವು ತಪ್ಪಬಹುದು, ನಿಷ್ಠೆಯಿಂದ ಬರೆದಿಟ್ಟ ನೆಲೆಯು ತಲೆಮಾರುಗಳನ್ನು ದಾಟಿ ಬದುಕುತ್ತದೆ.

ಇಂದು ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಜಿಲ್ಲೆಯೊಂದರ ಶಿಲಾರಚನೆಯನ್ನು ಒಂದೇ ಚಿತ್ರದಲ್ಲಿ ಸೆರೆಹಿಡಿಯುತ್ತವೆ. ಆದರೂ ಚಿತ್ರದಲ್ಲಿ ಕಂಡುದು ನಿಜವೇ ಎಂದು ತಿಳಿಯಲು ಒಬ್ಬನು ಆ ಸ್ಥಳಕ್ಕೆ ನಡೆದುಹೋಗಿ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಇತ್ತ ಬೂದಿಯ ದಿಬ್ಬಗಳಲ್ಲಿ ಹಲವು ಹೊಲದ ಗೊಬ್ಬರವಾಗಿಯೂ ರಸ್ತೆಯ ಮಣ್ಣಾಗಿಯೂ ಸಾಗಿಹೋಗಿವೆ. ಪ್ರಾಚೀನರ ಗುಡ್ಡಗಳಿಗೆ ಕಲ್ಲುಗಣಿಯವರ ಮದ್ದಿನ ಭೀತಿಯಿದೆ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರನ್ನು ಹೊತ್ತ ಪುರಾತತ್ತ್ವ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಗಿರುವುದು ಸಂತೋಷದ ವಿಷಯವಾದರೂ, ಅಳಿದ ನೆಲೆಯನ್ನು ಯಾವ ಸಂಗ್ರಹಾಲಯವೂ ಮರಳಿ ಕಟ್ಟಿಕೊಡಲಾರದು. ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ ಹಿರಿಯ ವಿದ್ಯಾರ್ಥಿಗಳಲ್ಲಿಯೂ ವಿದ್ಯಾಪೋಷಕರಾದ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ. ನಮ್ಮ ಬಾಲಕನೊಬ್ಬನು ಊರ ಹೊರಗಿನ ಹಳ್ಳದಿಂದ ವಿಚಿತ್ರವಾದ ಕಲ್ಲೊಂದನ್ನು ಆಯ್ದು ತಂದರೆ ಅದನ್ನು ಹೊರಗೆಸೆಯಿಸದಿರೋಣ. ಯಾವ ಹಳ್ಳ, ಯಾವ ದಡ, ಯಾವ ದಿನ ಎಂಬುದನ್ನು ಅವನ ಕೈಯಿಂದಲೇ ಬರೆಯಿಸಿ ಕಲ್ಲಿನೊಡನೆ ಜೋಪಾನವಾಗಿಡೋಣ. ಇನ್ನುಳಿದುದನ್ನು ಬಲ್ಲವರು ಮುಂದೊಂದು ದಿನ ಓದಿಯಾರು.