ಅಂಧಬಾಲಕರ ಅಕ್ಷರಬಂಧು ಲೂಯಿ ಬ್ರೈಲ್

ಫ್ರಾನ್ಸ್ ದೇಶದ ಕೂವ್ರೆ ಗ್ರಾಮದಲ್ಲಿ 1809ರ ಜನವರಿ 4ರಂದು ಲೂಯಿ ಬ್ರೈಲನು ಜನಿಸಿದನು. ತಂದೆಯದು ಕುದುರೆಗಳ ಜೀನು ಹೊಲಿಯುವ ಕಾಯಕ. ಮೂರನೆಯ ವರ್ಷದಲ್ಲಿ ತೊಗಲು ಚುಚ್ಚುವ ಹತಾರವೊಂದು ಶಿಶುವಿನ ಕಣ್ಣಿಗೆ ತಾಗಿತು. ನಂಜು ಮತ್ತೊಂದು ಕಣ್ಣಿಗೂ ವ್ಯಾಪಿಸಿ ಐದು ತುಂಬುವಷ್ಟರಲ್ಲಿ ದೃಷ್ಟಿಯೇ ನಷ್ಟವಾಯಿತು.

1819ರಲ್ಲಿ ಅವನು ಪ್ಯಾರಿಸಿನ ಅಂಧಬಾಲಕರ ವಿದ್ಯಾಲಯವನ್ನು ಸೇರಿದನು. ಸಂಸ್ಥಾಪಕ ವ್ಯಾಲೆಂಟಿನ್ ಆಯುಯಿ ರೂಢಿಸಿದ ಉಬ್ಬಕ್ಷರದ ಗ್ರಂಥಗಳು ಅಲ್ಲಿದ್ದವು. ಮಕ್ಕಳು ಅವನ್ನು ತಡವಿ ಮೆಲ್ಲಗೆ ಓದಬಲ್ಲವರಾಗಿದ್ದರು. ಆದರೆ ತಮ್ಮ ಮನದಿಂಗಿತವನ್ನು ತಾವೇ ಬರೆದಿಡುವ ಸುಗಮ ಮಾರ್ಗ ಅವರಿಗಿರಲಿಲ್ಲ. ಪರರ ಮಾತನ್ನು ಓದುವುದಷ್ಟೇ ಪಾಲಿಗೆ ಬಂದ ವಿದ್ಯೆ ಅರ್ಧವಿದ್ಯೆಯೇ ಸರಿ.

ಸೇನಾಧಿಕಾರಿ ಶಾರ್ಲ್ ಬಾರ್ಬಿಯೆಯ ಹನ್ನೆರಡು ಚುಕ್ಕೆಗಳ ಲಿಪಿ 1821ರಲ್ಲಿ ಶಾಲೆಗೆ ಬಂದಿತು. ಅದು ಧ್ವನಿಯನ್ನು ಸೂಚಿಸುತ್ತಿತ್ತೇ ವಿನಾ ವರ್ಣಕ್ರಮವನ್ನಲ್ಲ. ಒಂದು ಬೆರಳ ತುದಿಗೆ ನಿಲುಕುವಂತೆಯೂ ಇರಲಿಲ್ಲ. ಬ್ರೈಲನು ಚುಕ್ಕೆಗಳನ್ನು ಆರಕ್ಕಿಳಿಸಿ, 1824ರಲ್ಲಿ, ಹದಿನೈದರ ಹರೆಯದಲ್ಲಿಯೇ ಹೊಸ ಕ್ರಮವನ್ನು ರಚಿಸಿದನು. ಆರು ಚುಕ್ಕೆಗಳಿಂದ 63 ವಿನ್ಯಾಸಗಳು ಲಭಿಸುತ್ತವೆ. 1829ರಲ್ಲಿ ಅದು ಮುದ್ರಣಗೊಂಡಿತು. ಮುಂದೆ ಅವನು ಅದೇ ಶಾಲೆಯಲ್ಲಿ ಅಧ್ಯಾಪಕನಾದನು.

1840ರಲ್ಲಿ ಬಂದ ನೂತನ ನಿರ್ದೇಶಕ ದ್ಯುಫೋ ಈ ಲಿಪಿಯನ್ನು ನಿಷೇಧಿಸಿದನು. ಕಣ್ಣುಳ್ಳವರು ಓದಲಾರದ ಬರಹವು ಅಂಧರನ್ನು ಸಮಾಜದಿಂದ ಬೇರ್ಪಡಿಸುವುದೆಂಬುದು ಅಂದಿನ ಆಕ್ಷೇಪ. ಅದು ತೀರ ಹುರುಳಿಲ್ಲದ ವಾದವಲ್ಲ. ಆದರೆ ಮಕ್ಕಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವರೋ ಮರೆಯಲ್ಲಿ ಚುಕ್ಕೆಯೊತ್ತಿ ಬರೆಯುತ್ತಲೇ ಇದ್ದರು! 1844ರಲ್ಲಿ ಹೊಸ ಕಟ್ಟಡದ ಸಮಾರಂಭದಲ್ಲಿ ಸಭಿಕರೆದುರು ಆ ಲಿಪಿಯ ಪ್ರದರ್ಶನವೇ ನಡೆಯಿತು.

1852ರ ಜನವರಿ 6ರಂದು ಬ್ರೈಲನು ಕ್ಷಯರೋಗದಿಂದ ಕಾಲವಶನಾದನು. ಶಾಲೆಯು ಅವನ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ. ನಮ್ಮ ದೇಶದಲ್ಲಿ 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡು, ಕನ್ನಡದ ಅಕ್ಷರಮಾಲೆಯೂ ಆ ಆರು ಚುಕ್ಕೆಗಳಲ್ಲಿ ಅಡಕವಾಯಿತು.